ದೀಪ ಶಾಂತಮಾಡಿದ ಮನೆಯ ಮಕ್ಕಳು

ನಮ್ಮ ಪರಿಚಯದ ಸದ್ಭಕ್ತ ಮನೆತನದ ಹಿರಿಯ ತಾಯಿಯೊಬ್ಬರು ಕೆಲವು ವರ್ಷಗಳ ಹಿಂದೆ ಮಗಳ ಬಾಣಂತನಕ್ಕೆಂದು ಅಮೆರಿಕೆಗೆ ಹೋಗಿ, ಆರು ತಿಂಗಳು ಅಲ್ಲಿದ್ದು ಮರಳಿ ಬಂದರು. ನಮ್ಮನ್ನು ಕಾಣಲು ಬಂದಾಗ ಆ ನಾಡಿನ ಕಟ್ಟಡಗಳ ಮಾತನ್ನಾಗಲಿ, ಹಿಮದ ಮಾತನ್ನಾಗಲಿ ಅವರು ಎತ್ತಲಿಲ್ಲ. ಒಂದು ಸಂಜೆಯ ನೋಟ ಅವರ ಮನಸ್ಸನ್ನು ಬಿಡದೆ ಹಿಡಿದಿತ್ತು. ಅದು ಅಕ್ಟೋಬರ್ 31ರ ಸಂಜೆ. ಬೀದಿಯ ಮನೆಮನೆಗಳ ಮುಂದೆ ಕೊರೆದ ಕುಂಬಳಕಾಯಿಗಳೊಳಗೆ ದೀಪ ಉರಿಯುತ್ತಿದ್ದವು. ಭೂತ, ಬೇತಾಳ, ರಾಜಕುಮಾರಿ, ಪೊಲೀಸು ಎಂದು ನಾನಾ ವೇಷ ತೊಟ್ಟ ಮಕ್ಕಳು ಚೀಲ ಹಿಡಿದು ಬಾಗಿಲಿಂದ ಬಾಗಿಲಿಗೆ ಮಿಠಾಯಿ ಬೇಡುತ್ತ ಸಾಗಿದ್ದರು. ಪಕ್ಕದ ಮನೆ ಮಾತ್ರ ಕತ್ತಲೆ. ದೀಪ ಹಚ್ಚುವ ಹೊತ್ತಿನಲ್ಲಿ ದೀಪ ಶಾಂತಮಾಡಿ ಕುಳಿತ ಆ ಮನೆಯ ಕಿಟಕಿಯ ಪರದೆಯನ್ನು ಸರಿಸಿ ಎರಡು ಮಕ್ಕಳು ಬೀದಿಯನ್ನು ನೋಡುತ್ತಿದ್ದವು. ಅದು ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ದೈವಭೀರು ಕ್ರೈಸ್ತ ಕುಟುಂಬ. ಈ ಹಬ್ಬ ತಮ್ಮ ದೇವರಿಗೆ ಒಪ್ಪದೆಂದು ತಂದೆತಾಯಿಗಳು ತೀರ್ಮಾನಿಸಿದ್ದರು. "ಅವರ ಧರ್ಮ ಅವರಿಗೆ ಖರೇ ಐತ್ರಿ ಶಾಸ್ತ್ರಿಗಳ. ಆದ್ರ ಆ ಕೂಸುಗಳದ್ದರ ತಪ್ಪೇನ್ರಿ?" ಎಂದು ಆ ತಾಯಿ ಕೇಳಿದರು.

ಪ್ರಶ್ನೆ ಸಣ್ಣದಾಗಿ ಕಂಡರೂ ಉತ್ತರ ಸಣ್ಣದಲ್ಲ. ಆದ್ದರಿಂದ ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಡುತ್ತಿದ್ದೇವೆ.

ಮೊದಲು ಹಬ್ಬದ ಹುಟ್ಟನ್ನು ತಿಳಿಯಬೇಕು. ಹ್ಯಾಲೋವೀನ್ ಎಂಬ ಹೆಸರಿಗೆ ಸಕಲ ಸಂತರ ದಿನದ ಹಿಂದಿನ ಸಂಜೆ ಎಂದು ಅರ್ಥ. ನವೆಂಬರ್ 1ನ್ನು ಸಂತರೆಲ್ಲರ ಸ್ಮರಣೆಯ ದಿನವೆಂದು ಆಚರಿಸುವ ಪದ್ಧತಿ 8 ಮತ್ತು 9ನೆಯ ಶತಮಾನಗಳಲ್ಲಿ ಪಶ್ಚಿಮದ ಕ್ರೈಸ್ತ ಜಗತ್ತಿನಲ್ಲಿ ನೆಲೆಗೊಂಡಿತು. ಮರುದಿನ ಮೃತರ ಆತ್ಮಗಳಿಗಾಗಿ ಪ್ರಾರ್ಥನೆ. ಐರ್ಲೆಂಡ್ ಮತ್ತು ಸ್ಕಾಟ್ಲೆಂಡುಗಳಲ್ಲಿ ಇದೇ ಕಾಲಕ್ಕೆ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಸಂಧಿಯ ಹಬ್ಬವೊಂದಿತ್ತು. ಅದಕ್ಕೆ ಸೌನ್ ಎಂದು ಹೆಸರು. ಇಂದಿನ ಆಚರಣೆಯಲ್ಲಿ ಆ ಪ್ರಾಚೀನ ಹಬ್ಬದ ಪಾಲೆಷ್ಟು, ಕ್ರೈಸ್ತ ಸ್ಮರಣೆಯ ಪಾಲೆಷ್ಟು ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಇಂಗ್ಲೆಂಡಿನಲ್ಲಿ ಬಡವರು ಮನೆಮನೆಗೆ ಹೋಗಿ, ಆ ಮನೆಯ ಮೃತರಿಗಾಗಿ ಪ್ರಾರ್ಥಿಸುವೆವೆಂದು ಹೇಳಿ ರೊಟ್ಟಿಯಂಥ ಸಣ್ಣ ಭಕ್ಷ್ಯವನ್ನು ಪಡೆಯುವ ರೂಢಿಯೂ ಇತ್ತು. 19ನೆಯ ಶತಮಾನದಲ್ಲಿ ಐರಿಷ್ ಮತ್ತು ಸ್ಕಾಟಿಷ್ ವಲಸೆಗಾರರು ಈ ಹಬ್ಬವನ್ನು ಅಮೆರಿಕೆಗೆ ಒಯ್ದರು. ತಾಯ್ನಾಡಿನಲ್ಲಿ ಟರ್ನಿಪ್ ಗಡ್ಡೆ ಕೊರೆದು ದೀಪವಿಡುತ್ತಿದ್ದವರು ಅಲ್ಲಿ ಕುಂಬಳಕಾಯಿಯನ್ನು ಹಿಡಿದರು. ಮಕ್ಕಳು ವೇಷ ತೊಟ್ಟು ಮಿಠಾಯಿ ಬೇಡುವ ಪದ್ಧತಿ ದೇಶವ್ಯಾಪಿಯಾದುದಂತೂ ಎರಡನೆಯ ಮಹಾಯುದ್ಧದ ಸಕ್ಕರೆ ಪಡಿತರ 1947ರಲ್ಲಿ ಕೊನೆಗೊಂಡ ಮೇಲೆಯೇ.

ಹೀಗೆ ಒಂದೇ ಸಂಜೆಯಲ್ಲಿ ಸಂತಸ್ಮರಣೆ, ಮೃತಸ್ಮರಣೆ, ಋತುಸಂಧಿ, ಮಕ್ಕಳಾಟ, ವ್ಯಾಪಾರಗಳೆಲ್ಲ ಬೆರೆತಿವೆ. ಆದಕಾರಣ ಕ್ರೈಸ್ತ ಗೃಹಸ್ಥರಲ್ಲಿಯೂ ಮೂರು ದಾರಿಗಳು ಏರ್ಪಟ್ಟಿವೆ.

ಮೊದಲನೆಯದು ನಿರಾಕರಣೆಯ ದಾರಿ. ಬೈಬಲಿನ ಧರ್ಮೋಪದೇಶಕಾಂಡದ 18ನೆಯ ಅಧ್ಯಾಯವು ಕಣಿ ಕೇಳುವುದನ್ನೂ, ಮಾಟಮಂತ್ರವನ್ನೂ, ಸತ್ತವರನ್ನು ವಿಚಾರಿಸುವುದನ್ನೂ ನಿಷೇಧಿಸುತ್ತದೆ. ದೇವರು ಬೇಡವೆಂದುದರ ವೇಷವನ್ನು ಮಗುವಿಗೆ ಆಟಕ್ಕಾದರೂ ಏಕೆ ತೊಡಿಸಬೇಕೆಂದು ಇವರು ಕೇಳುತ್ತಾರೆ. ಎರಡನೆಯದು ಒಪ್ಪಿಗೆಯ ದಾರಿ. ರಟ್ಟಿನ ಟೋಪಿ ತೊಟ್ಟ ಮಾತ್ರಕ್ಕೆ ಮಗು ಮಾಟಗಾತಿಯಾಗದು, ನೆರೆಹೊರೆಯವರು ಬಾಗಿಲು ತೆರೆದು ಮಕ್ಕಳನ್ನು ಬರಮಾಡಿಕೊಳ್ಳುವ ದಿನ ವರ್ಷಕ್ಕೆ ಒಂದಾದರೂ ಇರಲಿ ಎಂಬುದು ಇವರ ಮಾತು. ಮೂರನೆಯದು ಮಾರ್ಪಾಡಿನ ದಾರಿ. ಮಾರ್ಟಿನ್ ಲೂಥರ್ ತನ್ನ 95 ಪ್ರತಿಪಾದನೆಗಳನ್ನು ಹೊರಗೆಡಹಿದ್ದು 1517ರ ಅಕ್ಟೋಬರ್ 31ರಂದೇ ಆದ್ದರಿಂದ ಕೆಲವು ಪ್ರೊಟೆಸ್ಟಂಟ್ ಮನೆಗಳಲ್ಲಿ ಅದನ್ನು ಧರ್ಮಸುಧಾರಣೆಯ ದಿನವಾಗಿ ನಡೆಸುತ್ತಾರೆ. ಕೆಲವು ಚರ್ಚುಗಳು ಸುಗ್ಗಿಯ ಉತ್ಸವ ಏರ್ಪಡಿಸುತ್ತವೆ. ಇನ್ನು ಕೆಲವೆಡೆ ಚರ್ಚಿನ ಅಂಗಳದಲ್ಲಿ ಸಾಲಾಗಿ ನಿಂತ ಕಾರುಗಳ ಹಿಂಬದಿಯನ್ನು ಸಿಂಗರಿಸಿ, ಅಲ್ಲಿಂದಲೇ ಮಕ್ಕಳಿಗೆ ಮಿಠಾಯಿ ಹಂಚುತ್ತಾರೆ.

ಮೂರನೆಯ ದಾರಿಗೆ ಒಂದು ಸುಂದರ ನಿದರ್ಶನವಿದೆ. 1950ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಪ್ರೆಸ್ಬಿಟೇರಿಯನ್ ಧರ್ಮಬೋಧಕ ಕ್ಲೈಡ್ ಆಲಿಸನ್ ಮತ್ತು ಅವರ ಪತ್ನಿ ಮೇರಿ ಎಮ್ಮಾ ಆಲಿಸನ್ ಅವರು ತಮ್ಮ ಮಕ್ಕಳ ಕೈಗೆ ಮಿಠಾಯಿ ಚೀಲದ ಬದಲು ಹಾಲಿನ ಖಾಲಿ ಡಬ್ಬಿಗಳನ್ನು ಕೊಟ್ಟು, ಯುದ್ಧದಿಂದ ನೊಂದ ಮಕ್ಕಳಿಗಾಗಿ ನಾಣ್ಯ ಬೇಡಿಕೊಂಡು ಬರುವಂತೆ ಕಳುಹಿಸಿದರು. ಕೂಡಿದ್ದು 17 ಡಾಲರು. ಅದನ್ನು ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್‌ಗೆ ಕಳುಹಿಸಿದರು. ಮುಂದೆ ಅದು ಲಕ್ಷಾಂತರ ಮಕ್ಕಳು ಕೈಜೋಡಿಸಿದ ದೊಡ್ಡ ಕಾರ್ಯವಾಯಿತು. ಮಕ್ಕಳು ಬೀದಿಗೂ ಹೋದರು, ಬಾಗಿಲನ್ನೂ ತಟ್ಟಿದರು. ಬೇಡಿದ್ದು ಮಾತ್ರ ಮತ್ತೊಬ್ಬರಿಗಾಗಿ. ಹಬ್ಬವನ್ನು ಹಳಿಯದೆ ಅದರೊಳಗಿನ ಆಸೆಯನ್ನು ತಿದ್ದುವ ಜಾಣ್ಮೆ ಇದು.

ಇಂಥ ವಿವಾದ ಹ್ಯಾಲೋವೀನಿಗೆ ಮಾತ್ರ ಬಂದುದಲ್ಲ. ಇಂದು ಕ್ರೈಸ್ತರ ಗುರುತೇ ಎನ್ನಿಸುವ ಕ್ರಿಸ್ಮಸ್ ಹಬ್ಬವನ್ನು ಒಂದು ಕಾಲಕ್ಕೆ ಕಟ್ಟಾ ಕ್ರೈಸ್ತರೇ ನಿಷೇಧಿಸಿದ್ದರು. ಶಾಸ್ತ್ರದಲ್ಲಿ ಆಧಾರವಿಲ್ಲ, ಕುಡಿತ ಕುಣಿತಗಳೇ ಹೆಚ್ಚು ಎಂಬ ಕಾರಣಕ್ಕೆ ಪ್ಯೂರಿಟನ್ನರ ಪ್ರಾಬಲ್ಯದ ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಅದನ್ನು ರದ್ದುಪಡಿಸಿತು. ಅಮೆರಿಕೆಯ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ 1659ರಿಂದ 1681ರವರೆಗೆ ಕ್ರಿಸ್ಮಸ್ ಆಚರಿಸಿದವರಿಗೆ 5 ಷಿಲಿಂಗ್ ದಂಡವಿತ್ತು. ಸ್ಕಾಟ್ಲೆಂಡಿನಲ್ಲಿ ಆ ದಿನ ಸಾರ್ವಜನಿಕ ರಜೆಯಾದುದು 1958ರಲ್ಲಿ. ಒಂದು ತಲೆಮಾರಿನವರು ಪಾಪವೆಂದು ದೂರವಿಟ್ಟುದನ್ನು ಇನ್ನೊಂದು ತಲೆಮಾರಿನವರು ಪುಣ್ಯವೆಂದು ಅಪ್ಪಿಕೊಂಡರು. ಇದರಿಂದ ಯಾವ ನಿಷೇಧಕ್ಕೂ ಅರ್ಥವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಆಚರಣೆಯನ್ನು ಕುರಿತು ತೀರ್ಪು ಕೊಡುವಾಗ ನಾಲಗೆ ತುಸು ತಗ್ಗಿರಬೇಕೆಂಬ ಪಾಠವನ್ನು ಈ ಚರಿತ್ರೆ ಕಲಿಸುತ್ತದೆ.

ನಾಲಗೆ ತಗ್ಗದಿದ್ದಾಗ ನಡೆದುದಕ್ಕೂ ಸಾಕ್ಷಿ ಇದೆ. ಫ್ರಾನ್ಸಿನ ದಿಜೋನ್ ನಗರದಲ್ಲಿ 1951ರ ಡಿಸೆಂಬರ್ 23ರಂದು, ಕ್ರಿಸ್ಮಸ್ ತಾತನು ಯೇಸುವಿನ ಜನನೋತ್ಸವವನ್ನು ಕೆಡಿಸುತ್ತಿದ್ದಾನೆಂದು ಸಿಟ್ಟಿಗೆದ್ದ ಧರ್ಮಗುರುಗಳ ಸಮ್ಮತಿಯಿಂದ ಆತನ ಪ್ರತಿಕೃತಿಯನ್ನು ಪ್ರಧಾನ ಚರ್ಚಿನ ಆವರಣದಲ್ಲಿ ನೇತುಹಾಕಿ ಸುಡಲಾಯಿತು. ನೋಡುತ್ತ ನಿಂತವರು ನೂರಾರು ಮಕ್ಕಳು. ಪ್ರಸಿದ್ಧ ಮಾನವಶಾಸ್ತ್ರಜ್ಞ ಲೆವಿ ಸ್ತ್ರೋಸ್ ಮರುವರ್ಷವೇ ಈ ಘಟನೆಯನ್ನು ಕುರಿತು ಪ್ರಬಂಧ ಬರೆದರು. ಹಿರಿಯರಿಗೆ ಅದು ಸಿದ್ಧಾಂತದ ರಕ್ಷಣೆ. ಆದರೆ ಆರು ವರ್ಷದ ಮಗುವಿಗೆ? ತನಗೆ ಉಡುಗೊರೆ ತರುವ ಮುದುಕನೊಬ್ಬ ಕಣ್ಣೆದುರಿಗೆ ಉರಿದುಹೋದ ನೋಟ. ಅಮೆರಿಕೆಯ ಕೆಲವು ಚರ್ಚುಗಳಂತೂ ಹ್ಯಾಲೋವೀನಿನ ಭೂತಗಳಿಗೆ ಬದಲಾಗಿ ನರಕದ ದೃಶ್ಯಗಳನ್ನೇ ಅಭಿನಯಿಸಿ ಎಳೆಯರನ್ನು ಅಂಜಿಸುವ ಪ್ರದರ್ಶನಗಳನ್ನು ನಡೆಸಿವೆ. ಭಯದ ಹಬ್ಬ ಬೇಡವೆಂದು ಹೊರಟವರು ಅದಕ್ಕಿಂತ ದೊಡ್ಡ ಭಯವನ್ನು ಬಿತ್ತಿದರೆ ಗೆದ್ದುದು ಭಯವೇ ಹೊರತು ಭಕ್ತಿಯಲ್ಲ.

ಕ್ರೈಸ್ತ ಧರ್ಮಗ್ರಂಥದಲ್ಲಿಯೇ ಈ ಸಂದಿಗ್ಧಕ್ಕೆ ಒಂದು ಬೆಳಕಿದೆ. ಪೌಲನು ರೋಮಾಪುರದವರಿಗೂ ಕೊರಿಂಥದವರಿಗೂ ಬರೆದ ಪತ್ರಗಳಲ್ಲಿ ಇಂಥದೇ ಪ್ರಶ್ನೆ ಬರುತ್ತದೆ. ವಿಗ್ರಹಕ್ಕೆ ಅರ್ಪಿಸಿದ ಮಾಂಸವನ್ನು ತಿನ್ನಬಹುದೆ? ಒಂದು ದಿನವನ್ನು ಮತ್ತೊಂದಕ್ಕಿಂತ ಪವಿತ್ರವೆಂದು ಎಣಿಸಬೇಕೆ? ತಿನ್ನುವವನು ತಿನ್ನದವನನ್ನು ತುಚ್ಛವಾಗಿ ಕಾಣಬಾರದು, ತಿನ್ನದವನು ತಿನ್ನುವವನನ್ನು ದೋಷಿಯೆನ್ನಬಾರದು, ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿ ನಿಶ್ಚಯವುಳ್ಳವನಾಗಿರಬೇಕು, ತನ್ನ ಸ್ವಾತಂತ್ರ್ಯದಿಂದ ದುರ್ಬಲನ ಮನಸ್ಸಿಗೆ ಪೆಟ್ಟು ಬೀಳದಂತೆ ನೋಡಿಕೊಳ್ಳಬೇಕು ಎಂಬುದು ಆತನ ಉಪದೇಶದ ಸಾರ. ಈ ಪತ್ರಗಳು ವಯಸ್ಕರನ್ನು ಕುರಿತವು. ಮನೆಯಲ್ಲಿ ಮಾತ್ರ ನಿಶ್ಚಯ ತಂದೆತಾಯಿಗಳದು, ಅದರ ಭಾರ ಮಗುವಿನದು. ಶಾಲೆಯಲ್ಲಿ ಎಲ್ಲರೂ ವೇಷದಲ್ಲಿ ನಲಿಯುವಾಗ ಒಂದು ಮಗುವನ್ನು ಮಾತ್ರ ಗ್ರಂಥಾಲಯದಲ್ಲಿ ಕುಳ್ಳಿರಿಸಿದರೆ, ತಂದೆಯ ವ್ರತವನ್ನು ಮಗು ಉಪವಾಸವಿದ್ದು ನಡೆಸಿದಂತಾಗುತ್ತದೆ. ಆ ತಾಯಿಯ ಪ್ರಶ್ನೆಯ ಮರ್ಮ ಇದೇ.

ಹಾಗಾದರೆ ನಿರಾಕರಿಸುವುದೇ ತಪ್ಪೆ? ಅಲ್ಲ. ನೆರೆಯವರೆಲ್ಲ ಮಾಡುತ್ತಾರೆಂಬುದು ಒಂದು ಕಾರ್ಯವನ್ನು ಮಾಡಲು ಸಾಕಾದ ಕಾರಣವಲ್ಲ. ಬೇಡವೆನ್ನುವುದನ್ನು ಕಲಿಯದ ಮಗು ಮುಂದೆ ಬೇಡವಾದುದರ ಮುಂದೆ ನಿಲ್ಲಲಾರದು. ಆದರೆ ಬೇಡವೆನ್ನುವ ತಂದೆತಾಯಿಗಳ ಮೇಲೆ ಕೆಲವು ಋಣಗಳಿವೆ. ಮಗುವಿಗೆ ತಿಳಿಯುವ ಮಾತಿನಲ್ಲಿ ಕಾರಣ ಹೇಳಬೇಕು; "ನಾವು ಹೇಳಿದೆವು" ಎಂಬುದು ಕಾರಣವಾಗದು. ಬೀದಿಯಲ್ಲಿ ಹೋಗುವ ಮಕ್ಕಳನ್ನು ಸೈತಾನನ ಮಕ್ಕಳೆಂದು ಹಳಿಯಬಾರದು, ಏಕೆಂದರೆ ನಾಳೆ ಅವರೊಡನೆಯೇ ಒಂದೇ ಬೆಂಚಿನಲ್ಲಿ ಕೂಡಬೇಕಾದವರು ಈ ಮಕ್ಕಳು. ಇಲ್ಲದ ಭಯವನ್ನು ಹುಟ್ಟಿಸಬಾರದು. ಅಪರಿಚಿತರು ಮಿಠಾಯಿಯಲ್ಲಿ ವಿಷವಿಡುತ್ತಾರೆಂಬ ವದಂತಿ ಆ ನಾಡಿನಲ್ಲಿ ಬಹುಕಾಲದಿಂದ ಹಬ್ಬಿದೆ. ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ ಸಂಗಡಿಗರೊಬ್ಬರೊಡನೆ 1958ರಿಂದ 1984ರವರೆಗಿನ ವರದಿಗಳನ್ನು ಶೋಧಿಸಿ, ಹಾಗೆ ಅಪರಿಚಿತರ ಮಿಠಾಯಿಯಿಂದ ಮಗುವೊಂದು ಸತ್ತ ಅಥವಾ ತೀವ್ರವಾಗಿ ಗಾಯಗೊಂಡ ಒಂದು ಪ್ರಕರಣವನ್ನೂ ಕಾಣಲಿಲ್ಲವೆಂದು 1985ರಲ್ಲಿ ಪ್ರಕಟಿಸಿದರು. ಧರ್ಮದ ಕಾರಣವಿದ್ದರೆ ಧರ್ಮದ ಕಾರಣವನ್ನೇ ಹೇಳಬೇಕು. ಸುಳ್ಳನ್ನು ಅದಕ್ಕೆ ಕಾವಲಿಡಬಾರದು. ಕೊನೆಯದಾಗಿ, ಮಗುವಿನ ಕೈಯಿಂದ ಒಂದನ್ನು ಕಿತ್ತುಕೊಂಡರೆ ಅದೇ ಕೈಗೆ ಇನ್ನೊಂದನ್ನು ಕೊಡಬೇಕು.

ಒಪ್ಪುವವರ ಮೇಲೂ ಋಣವಿದೆ. ರಕ್ತ ಸುರಿಯುವ ಮುಖವಾಡ, ಬೇರೊಂದು ಜನಾಂಗವನ್ನು ಅಣಕಿಸುವ ವೇಷ, ನೆರೆಮನೆಗಿಂತ ಹೆಚ್ಚಿನ ಆಡಂಬರ ಇವೆಲ್ಲ ಮಕ್ಕಳಾಟದ ಹೆಸರಿನಲ್ಲಿ ಒಳಗೆ ಬರುತ್ತವೆ. ಮಗು ಅಂಜಿ ಅತ್ತರೆ ನಗುವುದು ವಿನೋದವಲ್ಲ. ಮಗುವಿಗೆ ಹನ್ನೆರಡು ಹದಿಮೂರು ವಯಸ್ಸಾದ ಮೇಲೆ ಒಪ್ಪುವವರೂ ಒಪ್ಪದವರೂ ಅದರ ಮನಸ್ಸನ್ನು ಕೇಳತೊಡಗಬೇಕು. ಇಂದು ಕೇಳದೆ ನಡೆಸಿಕೊಂಡ ಮಗು ನಾಳೆ ಕೇಳದೆಯೇ ಹೊರಟುಹೋಗುತ್ತದೆ.

ನಮ್ಮ ಮನೆತನಗಳ ಮಕ್ಕಳೂ ಈಗ ಆ ನಾಡಿನ ಅದೇ ಶಾಲೆಗಳಲ್ಲಿ, ಅದೇ ಬೆಂಚುಗಳಲ್ಲಿ ಕುಳಿತಿವೆ. ಅಕ್ಟೋಬರ್ ಬಂದೊಡನೆ ಕಳುಹಿಸಬೇಕೆ ಬೇಡವೆ ಎಂಬ ಚರ್ಚೆ ನಮ್ಮ ಹೆಣ್ಣುಮಕ್ಕಳ ಮನೆಗಳಲ್ಲಿಯೂ ನಡೆಯುತ್ತದೆ. ಅವರಿಗೂ ನಮ್ಮ ಉತ್ತರ ಬೇರೆಯದಲ್ಲ. ಹಬ್ಬ ಯಾರದೆಂದು ಕೇಳುವ ಮೊದಲು, ನಮ್ಮ ತೀರ್ಮಾನದ ಬೆಲೆಯನ್ನು ಮನೆಯಲ್ಲಿ ಯಾರು ತೆರುತ್ತಿದ್ದಾರೆಂದು ಕೇಳಿಕೊಳ್ಳಬೇಕು.

ಆ ಹಿರಿಯ ತಾಯಿ ಕಳೆದ ಶ್ರಾವಣದಲ್ಲಿ ಮತ್ತೆ ಬಂದಿದ್ದರು. ಪಕ್ಕದ ಮನೆಯ ಸುದ್ದಿಯನ್ನು ಮಗಳು ಫೋನಿನಲ್ಲಿ ಹೇಳಿದ್ದಳಂತೆ. ಆ ಕ್ರೈಸ್ತ ದಂಪತಿಗಳು ಈಗಲೂ ಕುಂಬಳಕಾಯಿ ಕೊರೆಯುವುದಿಲ್ಲ, ಮಕ್ಕಳಿಗೆ ವೇಷ ತೊಡಿಸುವುದಿಲ್ಲ. ಆದರೆ ದೀಪ ಶಾಂತಮಾಡುವುದನ್ನು ಬಿಟ್ಟಿದ್ದಾರೆ. ಆ ಸಂಜೆ ನಾಲ್ವರೂ ಮೆಟ್ಟಿಲ ಮೇಲೆ ಕುಳಿತು, ಬಂದ ಮಕ್ಕಳಿಗೆಲ್ಲ ಸೇಬು, ಮಿಠಾಯಿ ಕೊಡುತ್ತಾರೆ. ಕೊಡುವ ಕೆಲಸ ಮಕ್ಕಳದು. ಕಿರಿಯಳು ಬುಟ್ಟಿಯನ್ನು ಯಾರ ಕೈಗೂ ಬಿಡುವುದಿಲ್ಲ. ಹಿರಿಯ ಹುಡುಗನಿಗೆ ಮಾತ್ರ ಪೂರ್ಣ ಸಮಾಧಾನವಿಲ್ಲ. ತನಗೂ ಒಮ್ಮೆ ವೇಷ ಬೇಕೆಂದು ಈಗಲೂ ಕೇಳುತ್ತಾನಂತೆ.

"ಕೇಳತಾನಲ್ರಿ, ಅದ ಛಲೋ" ಎಂದರು ಆ ತಾಯಿ. ನಮಗೂ ಹಾಗೆಯೇ ಅನ್ನಿಸಿತು. ಮಗು ಕೇಳುವ ಮನೆಯಲ್ಲಿ ದೀಪ ಇನ್ನೂ ಉರಿಯುತ್ತಿದೆ.