ಒಲೆಯ ಮುಂದೆ ನಾಲ್ಕು ಮಾತು: ಮಗಳ ಗೋಡೆಯ ಮೇಲೆ ನನ್ನ ಬಳೆ



ಕಳೆದ ಸಂಚಿಕೆಯಲ್ಲಿ ಮಾವಿನಕಾಯಿ ತೊಕ್ಕು ಕೆಡದ ಹಾಗೆ ಇಡುವುದು ಹೇಗೆ ಅಂತ ಬರೆದಿದ್ದೆನಲ್ಲ, ಆ ತೊಕ್ಕಿನ ಭರಣಿಯನ್ನೇ ಚೀಲದಲ್ಲಿಟ್ಟುಕೊಂಡು ಪುಣೆಗೆ ಹೋಗಿ ಎಂಟು ದಿನ ಇದ್ದು ಬಂದೆ. ಮಗಳು ಅಲ್ಲಿ ಓದುತ್ತಿದ್ದಾಳೆ. ಏನು ಓದು ಅಂತ ಯಾರಾದರೂ ಕೇಳಿದರೆ ಇಷ್ಟು ದಿನ 'ಬಿ.ಎ. ಆದಮೇಲೆ ಏನೋ ಒಂದು ಕೋರ್ಸು' ಅಂದು ಮಾತು ಮರೆಸುತ್ತಿದ್ದೆ. ಇನ್ನು ಮರೆಸುವುದಿಲ್ಲ. ಅವಳು ಸಿನಿಮಾಕ್ಕೆ ಚಿತ್ರಕಥೆ ಬರೆಯುವುದನ್ನು ಕಲಿಯುತ್ತಿದ್ದಾಳೆ.

'ಸಿನಿಮಾನಾ? ಮುಂದೆ ಗಂಡು ಹುಡುಕೋದು ಹೇಗೆ ಅತ್ತಿಗೆ?' ಅಂತ ನಮ್ಮ ನಾದಿನಿ ಕೇಳಿದ್ದಳು. ನಿಜ ಹೇಳಬೇಕೆಂದರೆ ನನ್ನ ಎದೆಯಲ್ಲೂ ಅದೇ ಅಳುಕು ಇತ್ತು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಕಥೆ ಬರೆಯುವುದಕ್ಕೂ ಶಾಲೆ ಬೇಕೇ ಅಂತ ನನಗೂ ಅನ್ನಿಸಿತ್ತು.

ಅದು ಸಾಮಾನ್ಯ ಶಾಲೆಯಲ್ಲ ಅಂತ ಹೋದಮೇಲೆ ತಿಳಿಯಿತು. ಪುಣೆಯ ಲಾ ಕಾಲೇಜು ರಸ್ತೆಯಲ್ಲಿ ಹಿಂದೆ ಪ್ರಭಾತ್ ಸ್ಟುಡಿಯೋ ಇತ್ತು. 1936ರಲ್ಲಿ ಬಂದ 'ಸಂತ ತುಕಾರಾಮ್' ಆ ಕಂಪನಿಯ ಚಿತ್ರ. ಅದೇ ಜಾಗದಲ್ಲಿ ಸರ್ಕಾರ 1960ರಲ್ಲಿ ಈ ಫಿಲಂ ಸಂಸ್ಥೆ ತೆರೆಯಿತು. 'ಘಟಶ್ರಾದ್ಧ'ಕ್ಕೆ ಸ್ವರ್ಣಕಮಲ ತಂದ ನಮ್ಮ ಗಿರೀಶ ಕಾಸರವಳ್ಳಿಯವರು ಕಲಿತದ್ದು ಇಲ್ಲೇ. ಗಿರೀಶ ಕಾರ್ನಾಡರು ಕೆಲಕಾಲ ಇಲ್ಲಿ ನಿರ್ದೇಶಕರಾಗಿದ್ದರು. ಒಳಗೆ ಒಂದು ದೊಡ್ಡ ಮಾವಿನ ಮರವಿದೆ, ಹುಡುಗರು ಅದಕ್ಕೆ 'ವಿಸ್‌ಡಮ್ ಟ್ರೀ' ಅನ್ನುತ್ತಾರೆ. ಅದರ ಕೆಳಗೆ ಕೂತು ವಾದ ಮಾಡುವುದೂ ಓದಿನ ಒಂದು ಭಾಗವೇ ಅಂತೆ!

ಮಗಳು ಇನ್ನೊಬ್ಬ ಮರಾಠಿ ಹುಡುಗಿಯ ಜೊತೆ ಬಾಡಿಗೆ ಕೋಣೆಯಲ್ಲಿದ್ದಾಳೆ. ಅವಳ ದಿನಚರಿ ನೋಡಿ ನನಗೆ ಗಾಬರಿಯೇ ಆಯಿತು. ಬೆಳಿಗ್ಗೆ ಒಂದು ಟೀ, ಒಂದು ವಡಾಪಾವ್ ತಿಂದು ತರಗತಿಗೆ ಓಟ. ಒಂದು ಸಿನಿಮಾ ನೋಡಿ, ಈ ದೃಶ್ಯ ತೆಗೆದರೆ ಕಥೆ ನಿಲ್ಲುತ್ತದೆಯೇ ಬೀಳುತ್ತದೆಯೇ ಅಂತ ಚರ್ಚೆ. ಆಮೇಲೆ ಒಬ್ಬರು ಬರೆದದ್ದನ್ನು ಉಳಿದವರು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದುತ್ತಾರೆ. ಬರೆದವರು ಬಾಯಿ ಮುಚ್ಚಿಕೊಂಡು ಕೇಳಬೇಕು. ಸಂಜೆ ಮತ್ತೊಂದು ಸಿನಿಮಾ. ರಾತ್ರಿ ಕೋಣೆಗೆ ಬಂದು ಬರೆದದ್ದನ್ನೇ ಹೊಡೆದುಹಾಕಿ ಮತ್ತೆ ಬರೆಯುವುದು. ಎಷ್ಟೋ ಸಲ ನಾನು ಎದ್ದು ದೀಪ ಆರಿಸಿದ್ದೇನೆ.

'ಇದರಲ್ಲಿ ಕಲಿಯೋದೇನಿದೆ ಪುಟ್ಟಿ?' ಅಂದೆ.

ಅವಳು ವಿವರಿಸಿದಳು. ಒಂದು ಪುಟ ಬರೆದರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ. ಎರಡು ಗಂಟೆಯ ಸಿನಿಮಾಕ್ಕೆ ನೂರಿಪ್ಪತ್ತು ಪುಟದ ಆಸುಪಾಸು. ಪ್ರತಿ ದೃಶ್ಯದ ತಲೆಯ ಮೇಲೆ ಒಳಗೋ ಹೊರಗೋ, ಯಾವ ಜಾಗ, ಹಗಲೋ ರಾತ್ರಿಯೋ ಅಂತ ಬರೆಯಬೇಕು. ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು ಎರಡೇ ಇರಬೇಕು. 'ಅವಳಿಗೆ ದುಃಖವಾಯಿತು' ಅಂತ ಬರೆದರೆ ಕ್ಯಾಮೆರಾ ಅದನ್ನು ಹಿಡಿಯುವುದು ಹೇಗೆ?

ನನಗೆ ನಮ್ಮ ಅತ್ತೆಯವರ ನೆನಪಾಯಿತು. ಅವರಿಗೆ ಕೋಪ ಬಂದರೆ ಒಂದು ಮಾತೂ ಆಡುತ್ತಿರಲಿಲ್ಲ, ಒಂದು ದೋಸೆ ಕಡಿಮೆ ತಿಂದು ಏಳುತ್ತಿದ್ದರು. ಅಷ್ಟರಲ್ಲೇ ಮನೆಮಂದಿಗೆಲ್ಲ ಗೊತ್ತಾಗಿಬಿಡುತ್ತಿತ್ತು. ಅದನ್ನು ಹೇಳಿದೆ. ಮಗಳು ಪೆನ್ನು ಕೆಳಗಿಟ್ಟು 'ಅದೇ ಅಮ್ಮ, ಅದೇ ಚಿತ್ರಕಥೆ' ಅಂದಳು. ನನಗೆ ಕೋಡು ಮೂಡಿದ ಹಾಗಾಯಿತು ಅಂತಿಟ್ಟುಕೊಳ್ಳಿ.

ಆ ಸಂತೋಷ ಮಾರನೆಯ ದಿನದವರೆಗೆ ಮಾತ್ರ. ಅವಳು ತರಗತಿಗೆ ಹೋದಮೇಲೆ ಕೋಣೆ ಗುಡಿಸುತ್ತಿದ್ದೆ. ಗೋಡೆಯ ತುಂಬ ಕಾರ್ಡುಗಳನ್ನು ಅಂಟಿಸಿದ್ದಳು. ಒಂದು ಕಾರ್ಡಿಗೆ ಒಂದು ದೃಶ್ಯ. ಕಥೆಯ ಓಟ ಒಂದೇ ನೋಟಕ್ಕೆ ಕಾಣಲಿ, ಬೇಕಾದಾಗ ಹಿಂದೆ ಮುಂದೆ ಮಾಡಲಿ ಅಂತ. ವಾಕ್ಯಗಳೆಲ್ಲ ಚಿಕ್ಕ ಚಿಕ್ಕವು, ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷಿಗೂ ಎಟುಕುವಂಥವು. ಹದಿನೇಳನೆಯ ಕಾರ್ಡಿನಲ್ಲಿ ಹೀಗಿತ್ತು: ಒಳಗೆ, ಅಡುಗೆಮನೆ, ರಾತ್ರಿ. ಅಪ್ಪ ಅಮ್ಮನ ಕೈಯಿಂದ ಬಳೆ ಎಳೆದು ತೆಗೆಯುತ್ತಾನೆ. ಅಮ್ಮ ಮಾತಾಡದೆ ಅಕ್ಕಿ ತೊಳೆಯುತ್ತಾಳೆ.

ಪೊರಕೆ ಹಿಡಿದೇ ಕೂತುಬಿಟ್ಟೆ. ಹನ್ನೆರಡು ವರ್ಷದ ಹಿಂದೆ ನಮ್ಮನೆಯವರ ಕೊಬ್ಬರಿ ವ್ಯಾಪಾರ ಮುಳುಗಿ ಸಾಲದವರು ಜಗಲಿಯಲ್ಲಿ ಬಂದು ಕೂತಿದ್ದ ದಿನಗಳವು. ತವರಿನಲ್ಲಿ ಕೂಡ ನಾನು ಬಾಯಿಬಿಟ್ಟಿರದ ಸಂಗತಿ. ಅದು ಪುಣೆಯ ಗೋಡೆಯ ಮೇಲಿದೆ!

ಸಂಜೆ ಅವಳು ಬಂದಾಗ ಕೇಳಿದೆ. 'ಇದನ್ನ ಎಲ್ಲರೆದುರಿಗೆ ಓದಿದ್ದೀಯಾ?'

'ಇಲ್ಲಮ್ಮ. ಶುಕ್ರವಾರ ಓದಬೇಕು.'

'ಮನೆ ಮಾನ ಬೀದಿಗೆ ಹಾಕ್ತೀಯಾ? ಅದೂ ಸುಳ್ಳು ಬರೆದು?'

'ಯಾವುದು ಸುಳ್ಳು?'

'ನಿಮ್ಮಪ್ಪ ಎಳೀಲಿಲ್ಲ ಕಣೇ. ನಾನೇ ಬಚ್ಚಲಲ್ಲಿ ಕೈಗೆ ಸೋಪು ಹಚ್ಚಿಕೊಂಡು ತೆಗೆದೆ. ಅವರು ಕೊಡು ಅಂತ ಕೇಳಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಬಾಗಿಲ ಹತ್ತಿರ ನಿಂತಿದ್ದರು. ಅವತ್ತು ರಾತ್ರಿ ಊಟಕ್ಕೂ ಏಳಲಿಲ್ಲ.'

ಅವಳ ಮುಖ ಬಿಳಿಚಿಕೊಂಡಿತು. ಆಗ ಅವಳಿಗೆ ಹನ್ನೊಂದು ವರ್ಷ. ಪಕ್ಕದ ಕೋಣೆಯಲ್ಲಿ ನಿದ್ದೆ ಮಾಡಿದ್ದಾಳೆ ಅಂತಲೇ ನಾನು ತಿಳಿದಿದ್ದೆ. 'ಬಳೆ ಸದ್ದು ಕೇಳಿಸಿತು. ಬೆಳಿಗ್ಗೆ ನಿನ್ನ ಕೈ ಬರಿದಾಗಿತ್ತು. ಉಳಿದದ್ದು ನಾನೇ ಅಂದುಕೊಂಡೆ ಅಮ್ಮ' ಅಂದಳು.

ಸೋದರಿಯರೇ, ನಮ್ಮ ಮನೆಯಲ್ಲಿ ಅಪ್ಪ ಮಗಳ ನಡುವೆ ಬೇಕೆಂದಷ್ಟೇ ಮಾತು. ವಯಸ್ಸಿಗೆ ಬಂದ ಹುಡುಗಿ, ಬಿಂಕ, ಅಂತ ನಾನು ಸುಮ್ಮನಿದ್ದೆ. ಹನ್ನೆರಡು ವರ್ಷ ಅವಳು ಮಾಡದ ತಪ್ಪಿಗೆ ಅಪ್ಪನನ್ನು ದೂರ ಇಟ್ಟಿದ್ದಳು ಅಂತ ಆವತ್ತು ಗೊತ್ತಾಯಿತು. ಮಕ್ಕಳಿಗೆ ತಿಳಿಯಬಾರದು ಅಂತ ನಾನು ಬಾಯಿ ಮುಚ್ಚಿಕೊಂಡದ್ದೇ ಇದಕ್ಕೆ ಕಾರಣ.

ಆ ಕಾರ್ಡನ್ನು ಅವಳೇ ಕಿತ್ತಳು. 'ಈ ದೃಶ್ಯ ಬಿಟ್ಟುಬಿಡಲಾ?' ಅಂದಳು. ರಾತ್ರಿಯೆಲ್ಲ ಯೋಚಿಸಿ ಬೆಳಿಗ್ಗೆ ಹೇಳಿದೆ: 'ಬರಿ. ಊರಿನ ಹೆಸರು, ವ್ಯಾಪಾರ ಬದಲಾಯಿಸು. ಆದರೆ ಬಾಗಿಲ ಹತ್ತಿರ ನಿಂತವರನ್ನು ಬಿಡಬೇಡ.'

ಶುಕ್ರವಾರ ಓದಿದಳು. ಒಬ್ಬ ಹುಡುಗ 'ಆ ಅಪ್ಪ ಯಾಕೆ ಏನೂ ಮಾತಾಡಲ್ಲ?' ಅಂತ ಕೇಳಿದನಂತೆ. ಅವಳಿಗೆ ಉತ್ತರ ಗೊತ್ತಿರಲಿಲ್ಲ. ಆ ರಾತ್ರಿ ತಾನಾಗಿಯೇ ಊರಿಗೆ ಫೋನು ಮಾಡಿ 'ಅಪ್ಪಾ, ಊಟ ಆಯ್ತಾ?' ಅಂದಳು. ಇಪ್ಪತ್ತು ನಿಮಿಷ ಮಾತಾಡಿದರು. ನಾನು ಅಕ್ಕಿ ತೊಳೆಯುತ್ತಾ ನಿಂತಿದ್ದೆ. ಎಷ್ಟು ಸಲ ತೊಳೆದೆನೋ!

ನಿಮ್ಮ ಮನೆಯ ಮಗಳೂ ನಾಳೆ ಈ ಓದು ಬೇಕು ಅನ್ನಬಹುದು. ಅದಕ್ಕೇ ಎರಡು ಮಾತು. ಈ ಕೆಲಸದಲ್ಲಿ ತಿಂಗಳ ಸಂಬಳದ ಖಾತರಿಯಿಲ್ಲ, ಬರೆದದ್ದೆಲ್ಲ ಸಿನಿಮಾ ಆಗುವುದಿಲ್ಲ. ಇದನ್ನು ಮೊದಲೇ ಕೂತು ಮಾತಾಡಿ, ಜೊತೆಗೆ ಇನ್ನೊಂದು ದುಡಿಮೆಯ ದಾರಿ ಇರಲಿ. ಬರೆದ ಕಥೆಯನ್ನು ಯಾರಿಗಾದರೂ ತೋರಿಸುವ ಮುಂಚೆ ಮುಂಬಯಿಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನಲ್ಲಿ ಸದಸ್ಯರಾಗಿ ನೋಂದಾಯಿಸಬಹುದು, ಹೊಲಕ್ಕೆ ಪಹಣಿ ಇದ್ದ ಹಾಗೆ. ಇದು ನನ್ನ ಮಗಳೇ ಹೇಳಿದ್ದು.

ಇನ್ನೊಂದು ಮಾತು ಓದಿಸದವರಿಗೂ ಸೇರಿದ್ದು. ಮಕ್ಕಳು ಮಲಗಿದ್ದಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಅವರು ಕೇಳಿಸಿಕೊಳ್ಳುತ್ತಿರುತ್ತಾರೆ, ಅರ್ಧ ಕೇಳಿದ್ದಕ್ಕೆ ಉಳಿದರ್ಧ ತಾವೇ ಸೇರಿಸಿಕೊಳ್ಳುತ್ತಾರೆ. ಕಷ್ಟದ ಸಂಗತಿಯನ್ನು, ತಿಳಿಯುವ ವಯಸ್ಸು ಬಂದಾಗ, ನಾವೇ ಕೂರಿಸಿಕೊಂಡು ಹೇಳಿಬಿಡುವುದು ಒಳ್ಳೆಯದು.

ಅಂದಹಾಗೆ ತೊಕ್ಕಿನ ಭರಣಿ ನಾಲ್ಕೇ ದಿನಕ್ಕೆ ಖಾಲಿ! ಆ ಮರಾಠಿ ಹುಡುಗಿ ಭಕ್ರಿಯ ಜೊತೆ ಬಳಿದು ತಿಂದಳು. ದೂರದಲ್ಲಿರುವ ಮಕ್ಕಳಿಗೆ ಕಳಿಸಲು ಬರುವ ಅಗಸೆಬೀಜದ ಚಟ್ನಿಪುಡಿಯನ್ನು ಮುಂದಿನ ಸಂಚಿಕೆಯಲ್ಲಿ ಹೇಳುತ್ತೇನೆ.