ಉಪ್ಪು ಹಾಕುವ ಹೊತ್ತು

ಹೋಲಿಕೆ ಎಂಬುದು ಸಾಹಿತ್ಯದ ಅಧ್ಯಾಪಕರಿಗೆ ಬಲು ಸುಲಭವಾಗಿ ಅಂಟಿಕೊಳ್ಳುವ ಚಟ. ಒಂದು ಪದ್ಯವನ್ನು ಓದಿದೊಡನೆ ಅಂಥದೇ ಇನ್ನೊಂದು ನೆನಪಾಗಬೇಕು. ನೆನಪಾದೊಡನೆ ಅದನ್ನು ತರಗತಿಯಲ್ಲಿ ಹೇಳಿಬಿಡಬೇಕು. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ; ನಮಗೂ ಎರಡನ್ನೂ ಬಲ್ಲವರೆಂಬ ತೃಪ್ತಿ. ಹಲವು ವರ್ಷ ಈ ತೃಪ್ತಿಯನ್ನು ಅನುಭವಿಸಿಕೊಂಡು ಬಂದ ನನಗೆ ಅದರ ಪೊಳ್ಳು ತಿಳಿದದ್ದು ಗ್ರಂಥಾಲಯದಲ್ಲಲ್ಲ, ಜರ್ಮನಿಯ ಒಂದು ಊಟದ ಮೇಜಿನಲ್ಲಿ. ತಿಳಿಸಿದ್ದು ಒಂದು ಬೋಗುಣಿ ಸೌತೆಕಾಯಿ.

ನನ್ನ ತಮ್ಮ ಬರ್ಲಿನ್ನಿನಲ್ಲಿ ಉದ್ಯೋಗದಲ್ಲಿದ್ದಾನೆ. ಅಲ್ಲಿಯ ಹೆಣ್ಣುಮಗಳನ್ನೇ ಮದುವೆಯಾಗಿದ್ದಾನೆ. 2018ರ ಬೇಸಿಗೆಯ ರಜೆಯಲ್ಲಿ ನಾನು ಅವನ ಮನೆಗೆ ಹೋಗಿದ್ದೆ. ಒಂದು ಭಾನುವಾರ ಅವನ ಅತ್ತೆಯವರು ನಮ್ಮನ್ನು ಊಟಕ್ಕೆ ಕರೆದರು. ಅವರಿರುವುದು ಬರ್ಲಿನ್ನಿನ ಆಗ್ನೇಯಕ್ಕೆ ಸುಮಾರು 100 ಕಿಲೋಮೀಟರು ದೂರದಲ್ಲಿರುವ ಷ್ಪ್ರೇವಾಲ್ಡ್ ಸೀಮೆಯಲ್ಲಿ. ಷ್ಪ್ರೇ ನದಿ ಅಲ್ಲಿ ನೂರಾರು ಕವಲುಗಳಾಗಿ ಒಡೆದು, ನೀರಿನ ನಡುವೆ ಊರೋ ಊರಿನ ನಡುವೆ ನೀರೋ ಎನ್ನುವಂತೆ ಹರಿಯುತ್ತದೆ. ಆ ನೆಲದ ಸೌತೆಕಾಯಿಗೆ ಜರ್ಮನಿಯಲ್ಲೆಲ್ಲ ಹೆಸರು. ಅಲ್ಲಿಯ ಉಪ್ಪಿನಲ್ಲಿಟ್ಟ ಸೌತೆಕಾಯಿಯ ಹೆಸರಿಗೆ 1999ರಿಂದ ಐರೋಪ್ಯ ಒಕ್ಕೂಟದ ರಕ್ಷಣೆಯೂ ಇದೆ. ಬೇರೆ ಕಡೆ ಹಾಕಿದ್ದನ್ನು ಆ ಹೆಸರಿನಿಂದ ಮಾರುವಂತಿಲ್ಲ.

ಆ ದಿನದ ಊಟ ಸರಳವಾದದ್ದು. ಸಿಪ್ಪೆಯ ಸಮೇತ ಬೇಯಿಸಿದ ಆಲೂಗಡ್ಡೆ, ಕ್ವಾರ್ಕ್ ಎಂಬ ಗಟ್ಟಿ ಮೊಸರಿನಂಥ ಪದಾರ್ಥ, ಅದರ ಮೇಲೆ ಅಗಸೆಯ ಎಣ್ಣೆ. ಪಕ್ಕದಲ್ಲಿ ಬಿಳಿಯ ಬೋಗುಣಿಯೊಂದರಲ್ಲಿ ಕೆನೆ ಬೆರೆಸಿದ ಸೌತೆಕಾಯಿ. ಗುರ್ಕೆನ್‌ಸಲಾಟ್ ಎಂದು ಅದರ ಹೆಸರು. ಒಂದು ಚಮಚ ಬಾಯಿಗಿಟ್ಟುಕೊಂಡೆ. ತಣ್ಣಗೆ, ತುಸು ಹುಳಿ, ತುಸು ಸಿಹಿ. ಚಟ ತಲೆಯೆತ್ತಿತು. “ಇದು ನಮ್ಮ ಮೊಸರುಬಜ್ಜಿಯೇ!” ಎಂದುಬಿಟ್ಟೆ. ಮೆಚ್ಚುಗೆಯೆಂದೇ ಹೇಳಿದ್ದು. ತಮ್ಮ ಅದನ್ನು ಜರ್ಮನ್ ಭಾಷೆಗೆ ತಿರುಗಿಸಿದ.

ಆಕೆ ಸಂತೋಷಪಟ್ಟರು, ನಮ್ಮದು ಹೇಗಿರುತ್ತದೆಂದು ವಿಚಾರಿಸಿದರು. ಸೌತೆಕಾಯಿ, ಮೊಸರು, ಸಾಸಿವೆಯ ಒಗ್ಗರಣೆ, ಹಸಿಮೆಣಸಿನಕಾಯಿ ಎಂದು ನಾನು ಪಟ್ಟಿಯೊಪ್ಪಿಸಿದೆ. ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದರು. ತಮ್ಮ ನನ್ನ ಕಡೆ ತಿರುಗಿ, “ಅಣ್ಣ, ಉಪ್ಪು ಯಾವಾಗ ಹಾಕುತ್ತೀರಿ ಎಂದು ಕೇಳುತ್ತಿದ್ದಾರೆ” ಎಂದ.

ನನಗೆ ಉತ್ತರ ಗೊತ್ತಿರಲಿಲ್ಲ. ಬುದ್ಧಿ ತಿಳಿದಂದಿನಿಂದ ಮೊಸರುಬಜ್ಜಿ ಉಂಡಿದ್ದೇನೆ. ಅದರಲ್ಲಿ ಉಪ್ಪು ಯಾವಾಗ ಬೀಳುತ್ತದೆಂದು ಒಂದು ದಿನವೂ ನೋಡಿದವನಲ್ಲ. ತಮ್ಮನಿಗೂ ತಿಳಿಯದು. ಕೊನೆಗೆ ಊರಿಗೆ ದೂರವಾಣಿ ಮಾಡಿದೆವು. ಇಲ್ಲಿ ಆಗ ಸಾಯಂಕಾಲ ನಾಲ್ಕು ಗಂಟೆ. ಅಮ್ಮ ಕಾಫಿಗೆ ಹಾಲಿಟ್ಟಿದ್ದರು. “ಬಡಿಸೋ ಹೊತ್ತಿಗೆ ಹಾಕ್ಬೇಕಪ್ಪ, ಮೊದಲೇ ಹಾಕಿದರೆ ನೀರು ಬಿಟ್ಟುಕೊಳ್ಳುತ್ತೆ. ಇದನ್ನು ಕೇಳೋದಕ್ಕೆ ಜರ್ಮನಿಗೆ ಹೋಗಬೇಕಾಯಿತೇನೋ?” ಎಂದರು.

ಉತ್ತರವನ್ನು ಕೇಳಿದ ಆ ಹಿರಿಯ ಹೆಂಗಸು ಮೇಜಿಗೆ ಕೈಯೂರಿ ನಕ್ಕರು. “ನಾವು ಮೊದಲು ಹಾಕುತ್ತೇವೆ, ನೀರು ಬಿಟ್ಟುಕೊಳ್ಳಲಿ ಎಂದೇ” ಎಂದರು.

ಊಟವಾದ ಮೇಲೆ ನನ್ನನ್ನು ಅಡಿಗೆಮನೆಗೆ ಕರೆದೊಯ್ದು ಮತ್ತೊಮ್ಮೆ ಮಾಡಿ ತೋರಿಸಿದರು. ಎರಡು ನೀಳವಾದ ಸೌತೆಕಾಯಿಗಳ ಸಿಪ್ಪೆ ತೆಗೆದು, ಹೋಬೆಲ್ ಎಂಬ ಸಾಧನದ ಮೇಲೆ ಉಜ್ಜಿದರು. ಹೋಬೆಲ್ ಎಂದರೆ ಬಡಗಿಯ ಉಜ್ಜುಗೊರಡು. ಹಲಗೆಯ ನಡುವೆ ಕೂರಿಸಿದ ಅಲಗಿಗೆ ಸಿಕ್ಕಿ ಸೌತೆಕಾಯಿ, ಆಚೆ ಕಾಣುವಷ್ಟು ತೆಳ್ಳನೆಯ ಬಿಲ್ಲೆಗಳಾಗಿ ಉದುರುತ್ತದೆ. ಅದಕ್ಕೆ ಒಂದು ಚಹದ ಚಮಚದಷ್ಟು ಉಪ್ಪು ಬೆರೆಸಿ ಅರ್ಧ ಗಂಟೆ ಬಿಟ್ಟರು. ಸೌತೆಕಾಯಿಯಲ್ಲಿ ನೂರಕ್ಕೆ 95ರಷ್ಟು ನೀರೇ. ಉಪ್ಪು ಅದನ್ನು ಹೊರಕ್ಕೆಳೆಯುತ್ತದೆ. ಬಿಲ್ಲೆಗಳು ಬಾಗಿ ಬಳುಕುವಂತಾದಾಗ ಹಿಡಿಹಿಡಿಯಾಗಿ ತೆಗೆದು ಮೆಲ್ಲನೆ ಹಿಂಡಿ ನೀರನ್ನು ಚೆಲ್ಲಿದರು. ಸುಮಾರು 150 ಗ್ರಾಂ ಹುಳಿಗೆನೆಗೆ ಒಂದು ದೊಡ್ಡ ಚಮಚ ನಿಂಬೆರಸ, ಚಿಟಿಕೆ ಸಕ್ಕರೆ, ಬಿಳಿಮೆಣಸಿನ ಪುಡಿ, ಸಣ್ಣಗೆ ಹೆಚ್ಚಿದ ಹಸಿರು ಸೊಪ್ಪು ಸೇರಿಸಿದರು. ಬಡಿಸುವಾಗ ಮಾತ್ರ ಎರಡನ್ನೂ ಕಲಸಿದರು. ಒಲೆ ಹೊತ್ತಿಸಲಿಲ್ಲ, ಒಗ್ಗರಣೆಯ ಸದ್ದಿಲ್ಲ.

ನಾನು ನೋಡಿದ್ದು ಎರಡು ಅಡಿಗೆಗಳನ್ನಲ್ಲ, ಒಂದೇ ಅರಿವಿನ ಎರಡು ವಿರುದ್ಧ ನಿರ್ಣಯಗಳನ್ನು. ಉಪ್ಪು ತಾಕಿದರೆ ಸೌತೆಕಾಯಿ ನೀರೊಡೆಯುತ್ತದೆಂಬುದು ಅಮ್ಮನಿಗೂ ಗೊತ್ತು, ಆಕೆಗೂ ಗೊತ್ತು. ನಮ್ಮವರಿಗೆ ಬೇಕಾದದ್ದು ಹಲ್ಲಿಗೆ ಕರಕರ ಎನ್ನುವ ಹೋಳು; ಆದ್ದರಿಂದ ಕೊನೆಯ ಗಳಿಗೆಯವರೆಗೆ ಉಪ್ಪನ್ನು ತಡೆಯುತ್ತಾರೆ. ಕೋಸಂಬರಿಯಲ್ಲಿಯೂ ಇದೇ ನಿಯಮ. ಅವರಿಗೆ ಬೇಕಾದದ್ದು ಹುಳಿಯನ್ನು ಹೀರಿಕೊಳ್ಳುವ ಮೆತ್ತನೆಯ ಬಿಲ್ಲೆ, ನೀರಾಗದ ಕೆನೆ. ಆದ್ದರಿಂದ ಉಪ್ಪನ್ನೇ ಮುಂದೆ ಕಳಿಸುತ್ತಾರೆ. “ಇದು ಅದೇ” ಎಂಬ ನನ್ನ ಎರಡು ಪದಗಳು ಈ ವಿವೇಕವನ್ನೆಲ್ಲ ಒರಸಿಹಾಕಿದ್ದವು. ಉಪಮೆಗೆ ಸಾದೃಶ್ಯವಷ್ಟೇ ಸಾಲದು, ಭೇದವೂ ಇರಬೇಕೆಂದು ವರ್ಷ ವರ್ಷವೂ ಪಾಠ ಹೇಳುವ ನಾನು ಊಟದ ಮೇಜಿನಲ್ಲಿ ಆ ಪಾಠವನ್ನು ಮರೆತಿದ್ದೆ.

ನಾಚಿಕೆಯ ಮಾತು ಇನ್ನೂ ಒಂದಿದೆ. ಆ ಹಸಿರು ಸೊಪ್ಪು ಯಾವುದೆಂದು ಕೇಳಿದೆ. “ಡಿಲ್” ಎಂದು ಹಿತ್ತಲಿನಿಂದ ಒಂದು ಕಟ್ಟು ಕಿತ್ತು ತಂದು ಕೈಗೆ ಕೊಟ್ಟರು. ನೂಲಿನಂಥ ಎಲೆ, ಮೂಗಿಗೆ ಹಿಡಿದರೆ ನಮ್ಮ ಸಬ್ಬಸಿಗೆ! ನಮ್ಮಲ್ಲಿ ರೊಟ್ಟಿಗೂ ವಡೆಗೂ ಉಪ್ಪಿಟ್ಟಿಗೂ ಬೀಳುವ ಅದೇ ಸಬ್ಬಸಿಗೆ. ಜರ್ಮನರು ಅದನ್ನು ಆಡುಮಾತಿನಲ್ಲಿ ‘ಸೌತೆಕಾಯಿ ಸೊಪ್ಪು’ ಎಂದೇ ಕರೆಯುವುದುಂಟು. ಸೌತೆಕಾಯಿಯಾದರೂ ಎಲ್ಲಿಯದು? ಅದರ ಕಾಡುಮೂಲ ಹಿಮಾಲಯದ ತಪ್ಪಲಿನದು. ಭರತಖಂಡದಿಂದ ಪಶ್ಚಿಮಕ್ಕೆ ಹೋದ ಬಳ್ಳಿ ಅದು. ‘ಗುರ್ಕೆ’ ಎಂಬ ಜರ್ಮನ್ ಹೆಸರೂ ಜರ್ಮನಿಯದಲ್ಲ. ಗ್ರೀಕರಿಂದ ಸ್ಲಾವ್ ಜನರಿಗೆ, ಅವರಿಂದ ಜರ್ಮನರಿಗೆ ದಾಟಿಬಂದದ್ದು. ಷ್ಪ್ರೇವಾಲ್ಡಿನಲ್ಲಿ ಇಂದಿಗೂ ಸೋರ್ಬರೆಂಬ ಸ್ಲಾವ್ ಜನರಿದ್ದಾರೆ. ನಿಜವಾದ ನೆಂಟಸ್ತಿಕೆ ಇಷ್ಟು ಹತ್ತಿರವಿದ್ದಾಗ ನಾನು ಅದನ್ನು ಬಿಟ್ಟು, ಇಲ್ಲದ ನೆಂಟಸ್ತಿಕೆಯೊಂದನ್ನು ಹೆಣೆದಿದ್ದೆ. ಅವಸರದ ಹೋಲಿಕೆಯ ದೊಡ್ಡ ದೋಷ ಇದೇ ಎಂದು ನನಗೆ ತೋರುತ್ತದೆ. ಅದು ಭೇದವನ್ನು ಮರೆಸುವುದು ಸರಿಯೆ. ನಿಜವಾದ ಸಾಮ್ಯವನ್ನೂ ಮರೆಸಿಬಿಡುತ್ತದೆ.

ಜರ್ಮನರು ನಮ್ಮನ್ನು ಅರಿಯಲು ಹೊರಟಾಗ ಹೀಗೆ ಮಾಡಲಿಲ್ಲವೆಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾದುದಿಲ್ಲ. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟ್ಟೆಲ್ಲರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ನಡುವೆ 41 ವರ್ಷ. ನಿಘಂಟಿಗೆ ತೃಪ್ತರಾಗದೆ ಅವರು ವ್ಯಾಕರಣವನ್ನೂ ಬರೆದರು. ಅದು 1903ರಲ್ಲಿ ಹೊರಬಂದಿತು. ಪದಗಳನ್ನು ಕೂಡಿಹಾಕಿದ ಮಾತ್ರಕ್ಕೆ ಭಾಷೆ ಕೈಗೆ ಬರುವುದಿಲ್ಲ, ಅವು ಯಾವ ಕ್ರಮದಲ್ಲಿ ಕೂಡುತ್ತವೆಂಬುದು ತಿಳಿಯಬೇಕು. ಅಡಿಗೆಯ ಪದಾರ್ಥಕ್ಕೂ ಪದದ ಅರ್ಥಕ್ಕೂ ಒಂದೇ ಮಾತನ್ನು ಬಳಸುವ ನಮಗಂತೂ ಇದು ಹೊಳೆಯಬೇಕಾದ ವಿಷಯ. ಸೌತೆಕಾಯಿ, ಕೆನೆ, ಸೊಪ್ಪು ಇವು ನಿಘಂಟು. ಉಪ್ಪು ಹಾಕುವ ಹೊತ್ತು ವ್ಯಾಕರಣ.

ಹಾಗಾದರೆ ಇದನ್ನು ನಮ್ಮ ಮನೆಗಳಲ್ಲಿ ಮಾಡಬಹುದೆ? ಧಾರಾಳವಾಗಿ. ವಿದೇಶದ ಡಬ್ಬಿಯಿಲ್ಲದೆ ಆಗದೆಂಬುವರ ಮಾತನ್ನು ನಾನು ಒಪ್ಪುವುದಿಲ್ಲ. ಹುಳಿಗೆನೆ ಸಿಕ್ಕದಿದ್ದರೆ ಗಟ್ಟಿ ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ ನಾಲ್ಕು ಗಂಟೆ ತೂಗುಹಾಕಿ, ಅದಕ್ಕೆ ಅರ್ಧದಷ್ಟು ಹಾಲಿನ ಕೆನೆ ಬೆರೆಸಿದರಾಯಿತು. ನಮ್ಮ ಮೊಸರು ಹುಳಿ ಹೆಚ್ಚಾದ್ದರಿಂದ ನಿಂಬೆರಸವನ್ನು ಇಳಿಸಬೇಕು. ಸೌತೆಕಾಯಿ ಎಳೆಯದಾಗಿರಲಿ, ಬೀಜ ಬಲಿತಿದ್ದರೆ ಕೆರೆದು ತೆಗೆಯಬೇಕು, ತೊಟ್ಟಿನ ಕಡೆಯ ಚೂರನ್ನು ನಾಲಿಗೆಗೆ ಮುಟ್ಟಿಸಿ ಕಹಿಯಿಲ್ಲವೆಂದು ನಿಶ್ಚಯಿಸಿಕೊಳ್ಳಬೇಕು. ನಮ್ಮ ಸಂತೆಯ ಸಬ್ಬಸಿಗೆಯ ಘಾಟು ಒಂದು ಕೈ ಮೇಲು; ಎಳೆಯ ಕುಡಿಗಳನ್ನಷ್ಟೇ, ಸ್ವಲ್ಪವಾಗಿ ಹಾಕಿದರೆ ಸಾಕು. ಉಜ್ಜುವ ಹಲಗೆಯಿಲ್ಲದಿದ್ದರೆ ಈಳಿಗೆಮಣೆಯೂ ಆದೀತು, ಕೈ ಪಳಗಿರಬೇಕು. ಇವೆಲ್ಲ ಪದದ ಬದಲು ಪದ. ಅದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಮೊದಲು ಉಪ್ಪು, ಆಮೇಲೆ ಕಾಯುವುದು, ಆಮೇಲೆ ಹಿಂಡುವುದು, ಕೊನೆಗೆ ಕೆನೆ: ಈ ಕ್ರಮವನ್ನು ಕೆಡಿಸಬಾರದು.

ಒಗ್ಗರಣೆ ಹಾಕಿದರೆ ರುಚಿ ಹೆಚ್ಚುತ್ತದಲ್ಲ ಎನ್ನುವವರುಂಟು. ಹೆಚ್ಚೀತು, ಆದರೆ ಅದು ಬೇರೆ ತಿನಿಸು, ಅದಕ್ಕೆ ಬೇರೆ ಹೆಸರಿಡಲಿ. ಜರ್ಮನಿಯೊಳಗೇ ಎಲ್ಲರೂ ಒಂದೇ ರೀತಿ ಮಾಡುವುದಿಲ್ಲ. ಉತ್ತರದಲ್ಲೂ ಪೂರ್ವದಲ್ಲೂ ಕೆನೆ ಹೆಚ್ಚು ರೂಢಿ. ದಕ್ಷಿಣದ ಷ್ವಾಬಿಯ, ಬವೇರಿಯಗಳ ಕಡೆ ವಿನಿಗರ್ ಮತ್ತು ಎಣ್ಣೆಗೇ ಒಲವು. ಮಾರ್ಪಡಿಸುವ ಹಕ್ಕು ಎಲ್ಲರಿಗೂ ಇದೆ. ಏನನ್ನು ಮಾರ್ಪಡಿಸುತ್ತಿದ್ದೇವೆಂದು ಮೊದಲು ತಿಳಿದುಕೊಳ್ಳುವ ಹೊಣೆಯೂ ಇದೆ. ಅನುವಾದಕರಿಗೆ ಈ ಮಾತು ಎಷ್ಟು ಸಲ್ಲುತ್ತದೆಂಬುದನ್ನು ವಾಚಕರೇ ಯೋಚಿಸಲಿ.

ಊರಿಗೆ ಬಂದ ಮೇಲೆ ನಾನೇ ಮಾಡಲು ಹೊರಟೆ. ಮೊದಲನೆಯ ಸಲ ಕಾಯುವ ತಾಳ್ಮೆಯಿಲ್ಲದೆ ಹತ್ತೇ ನಿಮಿಷಕ್ಕೆ, ಹಿಂಡದೆ, ಕೆನೆ ಸುರಿದೆ. ಎಲೆಗೆ ಬರುವ ಹೊತ್ತಿಗೆ ಅದು ಬಿಳಿಯ ನೀರಾಗಿತ್ತು. ಮನೆಯಾಕೆ ಏನೂ ಹೇಳದೆ ಪಕ್ಕಕ್ಕೆ ಸರಿಸಿದಳು. ಎರಡನೆಯ ಸಲ ಗಡಿಯಾರವನ್ನು ಮುಂದಿಟ್ಟುಕೊಂಡು ಅರ್ಧ ಗಂಟೆ ಕುಳಿತೆ. ಷ್ಪ್ರೇವಾಲ್ಡಿನ ಆ ಅಡಿಗೆಮನೆಯಲ್ಲಿ ಕಂಡಂತೆಯೇ ಹಿಂಡಿದೆ, ಕಲಸಿದೆ, ಬೇಯಿಸಿದ ಆಲೂಗಡ್ಡೆಯ ಜೊತೆಗೆ ಅಮ್ಮನ ಮುಂದಿಟ್ಟೆ.

ಅಮ್ಮ ಒಂದು ತುತ್ತು ತಿಂದು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಮೊಸರುಬಜ್ಜಿಯಲ್ಲ ಕಣೋ ಇದು. ಅವರದು ಬೇರೆ. ಇನ್ನೊಂದಿಷ್ಟು ಹಾಕು” ಎಂದರು.

ಎಂ.ಎ. ತರಗತಿಯಲ್ಲಿ ನಾನು ಅಷ್ಟು ಚೊಕ್ಕವಾದ ವಿಮರ್ಶೆಯನ್ನು ಕೇಳಿರಲಿಲ್ಲ.