ಒಂದು ತೂಬಿಗೆ ಇಬ್ಬರು ಕಾವಲುಗಾರರು

ಸಿಂಧನೂರಿನ ಭತ್ತದ ಸೀಮೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಬೆಲೆಯನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಒಂದೇ ತೂಬಿಗೆ ಇಬ್ಬರು ಕಾವಲುಗಾರರನ್ನು ನೇಮಿಸಿ, ಒಬ್ಬನಿಗಿತ್ತ ಅಪ್ಪಣೆ ಇನ್ನೊಬ್ಬನಿಗೆ ತಿಳಿಯದಂತೆ ಮಾಡಿದರೆ ಏನಾದೀತು? ಒಬ್ಬನು ಎತ್ತಿದ ಹಲಗೆಯನ್ನು ಇನ್ನೊಬ್ಬನು ಇಳಿಸುವನು. ಇಬ್ಬರೂ ವಾದದಲ್ಲಿ ಮುಳುಗಿರುವಾಗ ಗದ್ದೆ ಒಣಗುವುದು. ನೀರುಗಳ್ಳನಿಗೆ ಮಾತ್ರ ಸುಗ್ಗಿ. ಮನೆಯ ಕಂಪ್ಯೂಟರಿಗೆ ಎರಡು ಆಂಟಿವೈರಸ್‌ಗಳನ್ನು ಹಾಕಿಸಿದವರ ಪಾಡೂ ಹೆಚ್ಚುಕಡಮೆ ಇದೇ.

ಹಾಗೆ ಮಾಡುವವರನ್ನು ನಗುವುದು ತರವಲ್ಲ. ಸಿಂಧನೂರಿರಲಿ, ಲಿಂಗಸುಗೂರಿರಲಿ, ಮನೆಗೊಂದು ಕಂಪ್ಯೂಟರು ಬಂದಿತೆಂದರೆ ಮಗಳ ವಿದ್ಯಾರ್ಥಿವೇತನದ ಅರ್ಜಿ, ಹೊಲದ ಪಹಣಿ, ಬ್ಯಾಂಕಿನ ವ್ಯವಹಾರ, ಮದುವೆಯ ಫೋಟೋಗಳು ಎಲ್ಲವೂ ಅದರೊಳಗೇ ಸೇರುತ್ತವೆ. ಝೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವು ಒಮ್ಮೆ ವೈರಸ್ಸನ್ನು ಹೊತ್ತುತಂದರೆ ಮನೆಯವರಿಗೆ ದಿಗಿಲು. ‘ಒಂದಿದ್ದೂ ಹೀಗಾಯಿತಲ್ಲ, ಇನ್ನೊಂದೂ ಇರಲಿ’ ಎನ್ನುವುದು ಸಹಜವೇ. ಆದರೆ ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಯಲಾರವು.

ಕಾರಣ ಸರಳವಾದುದು. ಆಂಟಿವೈರಸ್ಸಿನ ಮುಖ್ಯ ಕೆಲಸ ಬಾಗಿಲ ಕಾವಲು. ಯಾವ ಫೈಲನ್ನು ತೆರೆದರೂ ಅದು ನಡುವೆ ಬಂದು, ತಡೆದು, ಪರೀಕ್ಷಿಸಿ, ಬಳಿಕ ಬಿಡುತ್ತದೆ. ಇಂಥವು ಎರಡಿದ್ದರೆ, ಮೊದಲನೆಯದು ಪರೀಕ್ಷೆಗೆಂದು ತೆರೆದ ಫೈಲನ್ನೇ ಎರಡನೆಯದು ತಡೆಯಬಹುದು. ಒಂದು ಇನ್ನೊಂದಕ್ಕಾಗಿ ಕಾದು ಕುಳಿತರೆ ಯಂತ್ರವೇ ಸ್ತಬ್ಧವಾಗುತ್ತದೆ. ಒಂದು ಹಿಡಿದ ವೈರಸ್ಸನ್ನು ಇನ್ನೊಂದು ಹೊಸದಾಗಿ ಕಂಡು ಕೂಗೆಬ್ಬಿಸುವುದೂ, ತನ್ನ ಜೊತೆಗಾರನನ್ನೇ ಕಳ್ಳನೆಂದು ಸಂಶಯಿಸುವುದೂ ಉಂಟು.

ಕಾವಲುಗಾರನು ಒಬ್ಬನೇ ಇದ್ದರೂ ಎಡವಿದಾಗ ಅನರ್ಥ ಸಣ್ಣದಲ್ಲ. 2010ರ ಏಪ್ರಿಲ್ 21ರಂದು ಮೆಕಾಫಿಯ ಒಂದು ತಪ್ಪು ಅಪ್‌ಡೇಟು ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಫೈಲೊಂದನ್ನು ವೈರಸ್ಸೆಂದು ಬಗೆದುದರಿಂದ ಅನೇಕ ಕಂಪ್ಯೂಟರುಗಳು ಮತ್ತೆಮತ್ತೆ ತಾವೇ ಆರಿ ಹೊತ್ತಿಕೊಳ್ಳತೊಡಗಿದವು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ಒಂದು ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಯಂತ್ರಗಳು ಕೆಟ್ಟು ನಿಂತವು. ಯಂತ್ರದ ಗರ್ಭಗುಡಿಯವರೆಗೆ ಪ್ರವೇಶವುಳ್ಳವರ ಸಂಖ್ಯೆ ಹೆಚ್ಚಿದಷ್ಟೂ ಇಂಥ ಅಪಾಯವೂ ಹೆಚ್ಚುತ್ತದೆ.

ಹಾಗಾದರೆ ಮಾಡಬೇಕಾದುದೇನು? ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಎಂಬ ಕಾವಲುಗಾರನು ಮೊದಲೇ ಇದ್ದಾನೆ. ಹೊರಗಿನ ಆಂಟಿವೈರಸ್ಸೊಂದು ಬಂದು ವಿಂಡೋಸಿನಲ್ಲಿ ತನ್ನ ಹೆಸರು ನೋಂದಾಯಿಸಿಕೊಂಡರೆ ಈತನು ಮರ್ಯಾದೆಯಿಂದ ಹಿಂದೆ ಸರಿಯುತ್ತಾನೆ. ತೊಡಕು ಬರುವುದು ಹೊರಗಿನವರೇ ಇಬ್ಬರಾದಾಗ. ಹೊಸದನ್ನು ಹಾಕಿಸುವ ಮುನ್ನ ಹಳೆಯದನ್ನು ಪೂರ್ತಿ ತೆಗೆದು, ಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸಬೇಕು.

ಎರಡನೆಯ ಅಭಿಪ್ರಾಯವೇ ಬೇಡವೆಂದಲ್ಲ. ಮನೆವೈದ್ಯರ ಮೇಲೆ ಸಂಶಯ ಬಂದರೆ ಬೇರೊಬ್ಬ ವೈದ್ಯರನ್ನು ಕೇಳಬಹುದು. ಇಬ್ಬರ ಮದ್ದನ್ನೂ ಒಟ್ಟಿಗೆ ಕುಡಿಯುವುದು ಸಲ್ಲದು. ಕರೆದಾಗ ಬಂದು, ನೋಡಿ, ಹೋಗುವ ಸಾಧನಗಳಿವೆ. ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಅಂಥದು; ತಂದುಕೊಂಡ 10 ದಿನಗಳಲ್ಲಿ ಅದರ ಅವಧಿ ತೀರುತ್ತದೆ. ಭಾರತ ಸರಕಾರವು 2017ರ ಫೆಬ್ರವರಿ 21ರಂದು ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವೂ ಇಂಥ ಸಾಧನಗಳನ್ನು ಉಚಿತವಾಗಿ ಕೊಡುತ್ತದೆ.

ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಗೋಡೆಯೇ ಬಿರುಕು ಬಿಟ್ಟಿರುವಾಗ ಬಾಗಿಲಲ್ಲಿ ಎಷ್ಟು ಮಂದಿ ನಿಂತರೇನು? ಮೋಸಗಾರನ ಫೋನಿಗೆ ಮರುಳಾಗಿ ಓಟಿಪಿಯನ್ನು ಹೇಳಿಬಿಟ್ಟರೂ ಅಷ್ಟೆ. ಆಗ ಯಾವ ಆಂಟಿವೈರಸ್ಸೂ ಕಾಯಲಾರದು. ಹಣ ಹೋಯಿತೆಂದು ತಿಳಿದೊಡನೆಯೇ 1930ಕ್ಕೆ ಕರೆ ಮಾಡಬೇಕು. ತಡಮಾಡಿದಷ್ಟೂ ನಷ್ಟ.

ಎಲ್ಲಕ್ಕಿಂತ ದೊಡ್ಡ ರಕ್ಷಣೆಯನ್ನು ಮಸ್ಕಿಯ ಬಂಡೆ ಕಲಿಸುತ್ತದೆ. 1915ರಲ್ಲಿ ಬೆಳಕಿಗೆ ಬಂದು, ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂದು ಲೋಕಕ್ಕೆ ಸಾರಿದ ಶಾಸನ ಅದು. ಅಲ್ಲಿ ಕೆಲವು ಅಕ್ಷರಗಳು ಸವೆದಿವೆ. ಆದರೂ ವಿದ್ವಾಂಸರು ಕಂಗೆಡಲಿಲ್ಲ. ಏಕೆಂದರೆ ಅಶೋಕನು ಅದೇ ಸಂದೇಶವನ್ನು ಕೊಪ್ಪಳ, ಬ್ರಹ್ಮಗಿರಿ ಮೊದಲಾದ ಹಲವೆಡೆ ಕೆತ್ತಿಸಿದ್ದನು. ಮನೆಯ ಫೋಟೋಗಳ, ಕಾಗದಪತ್ರಗಳ ಪ್ರತಿಯೊಂದನ್ನು ಬೇರೆ ಹಾರ್ಡ್‌ಡಿಸ್ಕಿನಲ್ಲಿ ತುಂಬಿ, ಕಂಪ್ಯೂಟರಿನಿಂದ ಬಿಡಿಸಿ, ಬೀರುವಿನಲ್ಲಿಟ್ಟವನು ಆ ದೊರೆಯ ಜಾಣ್ಮೆಯನ್ನೇ ಅನುಸರಿಸಿದಂತಾಯಿತು. ಕಾವಲುಗಾರನು ಒಬ್ಬನೇ ಇರಲಿ, ಪ್ರತಿಗಳು ಎರಡಿರಲಿ.